ಸಾವಿರ ಜನಕ್ಕೊಂದು ಚುಕ್ಕೆ

ನರ್ಸಮ್ಮ ನೀರಿನ ಟ್ಯಾಂಕರಿನಿಂದ ಕೆಳಗಿಳಿದು, ಬಟ್ಟೆಗೆ ಮೆತ್ತಿದ್ದ ಧೂಳು ಕೊಡವಿಕೊಂಡು, ಸುತ್ತಲೂ ಕಣ್ಣಾಡಿಸಿ ಕೇಳಿದ ಮೊದಲ ಪ್ರಶ್ನೆ, “ಊರೆಲ್ಲಿ?” ಎಂಬುದು.

ಟ್ಯಾಂಕರ್ ಡ್ರೈವರ್ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ರೂಢಿಯಾದವನು. ಹಿಂದೆ ಬಂದಿದ್ದ ಇಬ್ಬರು ನರ್ಸುಗಳೂ ಇದನ್ನೇ ಕೇಳಿದ್ದರು. “ಊರಿಲ್ಲ ನರ್ಸಮ್ಮಾ, ಆಸ್ಪತ್ರೆ ಮಾತ್ರ ಇದೆ,” ಎಂದು ಹೇಳಿ ಪೈಪು ಬಿಚ್ಚತೊಡಗಿದ.

“ಊರಿಲ್ಲದ ಕಡೆ ಆಸ್ಪತ್ರೆ ಯಾಕೆ ಕಟ್ಟಿದ್ರು?”

“ಅದನ್ನ ಕಟ್ಟಿದವರನ್ನೇ ಕೇಳ್ಬೇಕು. ನಾನು ನೀರು ತರೋನು.”

ಆಸ್ಪತ್ರೆ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಮೇಜು, ಔಷಧಿಯ ಬೀರು, ತೂಕದ ಯಂತ್ರ, ರೋಗಿಗಳು ಕೂರಲು ಒಂದು ಉದ್ದನೆಯ ಬೆಂಚು. ಹಿಂದಿನದರಲ್ಲಿ ಮಂಚ, ಒಲೆ. ಹೊರಗೆ ನಾಲ್ಕು ಕಂಬಗಳ ಮೇಲೆ ನಿಂತ ನೀರಿನ ತೊಟ್ಟಿ, ಅದಕ್ಕೊಂದು ಕಬ್ಬಿಣದ ಏಣಿ. ಅದರಾಚೆಗೆ ಕಲ್ಲು, ಕಲ್ಲಿನಾಚೆಗೆ ಇನ್ನಷ್ಟು ಕಲ್ಲು. ನರಪಿಳ್ಳೆಯ ಸುಳಿವಿಲ್ಲ. ಪೂರ್ವಕ್ಕೆ ಬೆಟ್ಟದ ಬುಡದಲ್ಲಿ ಒರತೆಯ ನೀರಿತ್ತು. ಅಲ್ಲಿ ಮೇಕೆ ಸಾಕುವವರ ಊರು. ಪಶ್ಚಿಮಕ್ಕೆ ನದಿ ತಿರುಗುವಲ್ಲಿ ಮೆಕ್ಕಲು ಮಣ್ಣಿತ್ತು. ಅಲ್ಲಿ ಈರುಳ್ಳಿ ಬೆಳೆಯುವವರ ಊರು. ಒಂದನ್ನು ಮೇಲಿನ ಊರು, ಇನ್ನೊಂದನ್ನು ಕೆಳಗಿನ ಊರು ಎನ್ನುತ್ತಿದ್ದರು. ನಡುವಿನ ಬಯಲಿನಲ್ಲಿ ಹನಿ ನೀರಿಲ್ಲ, ಹಿಡಿ ಮಣ್ಣಿಲ್ಲ. ಬುದ್ಧಿ ನೆಟ್ಟಗಿರುವ ಯಾರೂ ಅಲ್ಲಿ ಮನೆ ಕಟ್ಟುವುದಿಲ್ಲ. ಸರ್ಕಾರ ಕಟ್ಟಿತ್ತು.

ಇದನ್ನೆಲ್ಲ ಡ್ರೈವರ್ ವಿವರಿಸಿದಾಗ ನರ್ಸಮ್ಮನಿಗೆ ಬೇಜಾರಾಗಬೇಕಿತ್ತು, ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು.

ಅದಕ್ಕೆ ಕಾರಣವಿತ್ತು. ಅವಳು ಬಂದದ್ದು ನದಿಯೊಂದು ಸಮುದ್ರ ಸೇರುವಲ್ಲಿ ಬೆಳೆದ ಮಹಾನಗರದಿಂದ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ಒಂಬತ್ತು ಜನ: ಅಮ್ಮ, ದೊಡ್ಡಮ್ಮ, ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು, ಮನೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡಿದ್ದ ತಂಗಿ, ಮತ್ತೆ ಅವಳು. ಆ ಮನೆಯಲ್ಲಿ ತಲೆ ಬಾಚಿಕೊಳ್ಳಲು ಕನ್ನಡಿಯ ಮುಂದೆ ಸರದಿ ನಿಲ್ಲಬೇಕು. ಯಾರಾದರೂ ಸೀನಿದರೆ ಮೂವರು ಮಗ್ಗುಲು ಬದಲಿಸಬೇಕು. ಅವಳು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲಿಯೂ ಮೂವತ್ತು ಹಾಸಿಗೆಗೆ ಅರವತ್ತು ರೋಗಿಗಳು. ಅಲ್ಲಿಂದ ಬಸ್ಸಿನಲ್ಲಿ ಒಂಟಿ ಕಾಲಿನಲ್ಲಿ ನಿಂತು ಮನೆಗೆ ಬಂದರೆ ಅವಳ ಹಾಸಿಗೆಯ ಮೇಲೆ ಅಣ್ಣನ ಮಗ, ಕುರ್ಚಿಯಲ್ಲಿ ದೊಡ್ಡಮ್ಮ, ಕಿಟಕಿಯ ಕಟ್ಟೆಯಲ್ಲಿ ಒಣಗಲು ಹಾಕಿದ ಬಟ್ಟೆ. ನಲವತ್ತಾರನೇ ವಯಸ್ಸಿನಲ್ಲಿ ಒಂದು ಸಂಜೆ ಅವಳು ಚಹಾದ ಲೋಟ ಹಿಡಿದು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಎರಡು ಗುಟುಕು ಕುಡಿಯುವಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. “ಒಳಗೆ ಏನ್ ಮಾಡ್ತಿದೀಯೇ ಅಷ್ಟೊತ್ತಿಂದ?” ಎಂದು ಅಮ್ಮ. “ಇಡೀ ಪ್ರಪಂಚದಲ್ಲಿ ಒಂದು ಮುಖ ಕಾಣದ ಜಾಗ ಇಲ್ವಾ ನನಗೆ!” ಎಂದು ನರ್ಸಮ್ಮ ಒಳಗಿನಿಂದಲೇ ಕಿರುಚಿದಳು. ಆ ಜಾಗ ಇತ್ತು. ಮರುದಿನವೇ ಆಸ್ಪತ್ರೆಯ ಸೂಚನಾ ಫಲಕದಲ್ಲಿ ಅದರ ಸುತ್ತೋಲೆ ಅಂಟಿಸಿದ್ದರು. ಅರ್ಜಿ ಹಾಕಿದವಳು ಅವಳೊಬ್ಬಳೇ.

ಮೊದಲ ತಿಂಗಳು ಸ್ವರ್ಗಸುಖ. ಬೆಳಿಗ್ಗೆ ಬಾಗಿಲಲ್ಲಿ ಕೂತು ಚಹಾ ಕುಡಿದಳು, ಮಧ್ಯಾಹ್ನ ಕೂತು ಕುಡಿದಳು, ಸಂಜೆಯೂ ಕುಡಿದಳು. ಯಾರೂ ಬಾಗಿಲು ಬಡಿಯಲಿಲ್ಲ. ಎರಡನೇ ತಿಂಗಳು ತೂಕದ ಯಂತ್ರದ ಜೊತೆ ಮಾತು ಶುರುವಾಯಿತು. ಮೂರನೇ ತಿಂಗಳು ಒಂದು ಬೆಳಿಗ್ಗೆ ಚಹಾ ಸೋಸುವಾಗ ಅವಳು ತನಗೇ ತಿಳಿಯದಂತೆ ಒಂಬತ್ತು ಲೋಟದ ನೀರು ಇಟ್ಟಿದ್ದಳು. ಕುದ್ದು ಕಪ್ಪಾದ ಚಹಾವನ್ನು ನೋಡುತ್ತ ನಿಂತಳು. ಆವತ್ತಿನಿಂದ ಅವಳಿಗೆ ಜನ ಬೇಕಾದರು. ಒಳ್ಳೆಯವರು, ಬೇಕಾದವರು ಎಂದೇನಿಲ್ಲ; ಬಸ್ಸಿನಲ್ಲಿ ಕಾಲು ತುಳಿಯುವವರಾದರೂ ಸರಿ.

ಫೋನು ಹಿಡಿಯುತ್ತಿದ್ದದ್ದು ನೀರಿನ ತೊಟ್ಟಿಯ ಮೇಲೆ ಮಾತ್ರ. ದೂರದಲ್ಲಿ ಒಂದು ಫೋನ್ ಗೋಪುರವಿತ್ತು, ಅದರ ಕೃಪೆ. ಸಂಜೆ ಐದಕ್ಕೆ ಅವಳು ಏಣಿ ಹತ್ತಿ, ತೊಟ್ಟಿಯ ಮುಚ್ಚಳದ ಮೇಲೆ ಕಾಲು ಮಡಚಿ ಕೂತು ತಂಗಿಗೆ ಫೋನು ಮಾಡುವಳು. ಮಾತು ಎರಡೇ ನಿಮಿಷಕ್ಕೆ ಮುಗಿಯುವುದು. ಒಂಟಿಯಾಗಿರುವವಳ ಬಳಿ ಹೇಳಲು ಏನಿರುತ್ತದೆ? ಆಮೇಲೆ ಅವಳು, “ಫೋನು ಇಡಬೇಡ ಕಣೆ. ಅಡುಗೆಮನೆ ಕಟ್ಟೆ ಮೇಲೆ ಹಾಗೇ ಇಟ್ಬಿಡು,” ಎನ್ನುವಳು.

“ಇಟ್ಟು?”

“ಇಟ್ಟು ನಿನ್ನ ಕೆಲಸ ನೋಡ್ಕೋ.”

ತಂಗಿ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗದೆ ಇಡತೊಡಗಿದಳು. ನರ್ಸಮ್ಮ ಮೈಯೆಲ್ಲ ಕಿವಿಯಾಗಿ ಕೇಳುವಳು: ನಲ್ಲಿ ಸುರಿಯುವುದು, ಹೊಲಿಗೆ ಯಂತ್ರ ಓಡುವುದು, ಅತ್ತಿಗೆ ಮಕ್ಕಳಿಗೆ ಬೈಯುವುದು, ಕೆಳಗಿನ ಮಹಡಿಯವರ ರೇಡಿಯೊ, ದೊಡ್ಡಮ್ಮನ ಕೆಮ್ಮು, ಅಮ್ಮ ಯಾರನ್ನೋ ಕುರಿತು, “ಒಳಗೆ ಏನ್ ಮಾಡ್ತಿದೀಯೋ ಅಷ್ಟೊತ್ತಿಂದ?” ಎಂದು ಬಾಗಿಲು ಬಡಿಯುವುದು. ಬ್ಯಾಟರಿ ತೀರುವವರೆಗೂ ಅವಳು ಹಾಗೆಯೇ ಕೂತಿರುವಳು.

ರೋಗಿಗಳು ಬರುತ್ತಲೇ ಇರಲಿಲ್ಲ ಎಂದಲ್ಲ. ಬರುತ್ತಿದ್ದರು, ಗುರುವಾರ ಮಾತ್ರ. ಗುರುವಾರ ಟ್ಯಾಂಕರ್ ಕೆಳಗಿನ ಊರಿನಿಂದ ಹತ್ತು ಗಂಟೆಗೆ ಬಂದು, ತೊಟ್ಟಿ ತುಂಬಿಸಿ, ಗೋಪುರದ ಕಾವಲುಗಾರರಿಗೆ ನೀರು ಕೊಡಲು ಮುಂದಕ್ಕೆ ಹೋಗಿ, ಮೂರು ಗಂಟೆಗೆ ವಾಪಸು ಬರುತ್ತಿತ್ತು. ಡ್ರೈವರಿನ ಪಕ್ಕದಲ್ಲಿ ಒತ್ತರಿಸಿಕೊಂಡು ಕೆಳಗಿನ ಊರಿನ ಇಬ್ಬರೋ ಮೂವರೋ ಹೆಂಗಸರು ಬರುವರು. ಅದೇ ಹೊತ್ತಿಗೆ ಮೇಲಿನ ಊರಿನಿಂದ ಹೇಸರಗತ್ತೆಗಳ ಮೇಲೆ ನಾಲ್ಕು ಗಂಟೆ ದಾರಿ ಸವೆಸಿ ಇಬ್ಬರೋ ಮೂವರೋ ಬರುವರು. ಎಲ್ಲರಿಗೂ ಮಂಡಿ ನೋವು. ಚಿಕ್ಕವರಿಗೂ ಮಂಡಿ ನೋವು, ದೊಡ್ಡವರಿಗೂ ಮಂಡಿ ನೋವು. ಈ ಕಲ್ಲುನೆಲದಲ್ಲಿ ನಡೆದು ನಡೆದು ಹೀಗಾಗಿರಬೇಕು ಎಂದು ನರ್ಸಮ್ಮ ಗುಳಿಗೆ ಕೊಟ್ಟು, ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುವಳು. ಅವರು ಬೆಂಚಿನ ಮೇಲೆ ಕೂತು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತ ಇರುವರು. ಅವಳು ಹತ್ತಿರ ಹೋದರೆ ತುಟಿ ಪಿಟಕ್ಕೆನ್ನರು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ವಾರಕ್ಕೊಮ್ಮೆ ಮನುಷ್ಯರ ಮುಖ ಕಾಣುವುದು, ಆ ಮುಖಗಳೂ ತನ್ನ ಕಡೆಗಿಲ್ಲವಲ್ಲ!

ಒಂದು ದಿನ ತಲೆ ಚಿಟ್ಟು ಹಿಡಿದು ಅವಳು ಕಾಗದ ತೆಗೆದುಕೊಂಡು ಕೂತಳು. ಇಲಾಖೆಗೆ ಬರೆದರೆ ಕಸದ ಬುಟ್ಟಿ ಸೇರುತ್ತದೆಂದು ಗೊತ್ತಿತ್ತು. ಗೋಡೆಗೆ ಅಂಟಿಸಿದ್ದ ಆದೇಶದಲ್ಲಿ ‘ಜನಸಂಖ್ಯಾ ನಕ್ಷೆಯ ಆಧಾರದ ಮೇಲೆ, ಸಾವಿರ ಜನರಿಗಾಗಿ’ ಎಂದಿತ್ತು. ಆದ್ದರಿಂದ ನಕ್ಷೆ ಕಚೇರಿಗೇ ಬರೆದಳು: ‘ಸ್ವಾಮಿ, ತಮ್ಮ ನಕ್ಷೆಯ ಪ್ರಕಾರ ಇಲ್ಲಿ ಸಾವಿರ ಜನರಿದ್ದಾರಂತೆ. ನಾನು ಬಂದು ಏಳು ತಿಂಗಳಾಯಿತು. ಮಂಚದ ಕೆಳಗೂ ನೋಡಿದೆ. ಒಬ್ಬರೂ ಸಿಗಲಿಲ್ಲ. ಎಲ್ಲಿಟ್ಟಿದ್ದೀರಿ, ದಯವಿಟ್ಟು ತಿಳಿಸಿ.’

ಮೂರು ವಾರಕ್ಕೆ ಉತ್ತರ ಬಂತು. ಬರೆದವನು ನಕ್ಷೆ ಬರೆಯುವವನೇ, ಚುಕ್ಕೆ ಇಡುವ ಕೆಲಸದವನು. ಕಚೇರಿಯ ಮುದ್ರೆಯಿರುವ ಹಾಳೆಯಲ್ಲಿ ದುಂಡನೆಯ ಅಕ್ಷರ.

‘ಅಮ್ಮಾ, ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಊಟ ಸೇರಲಿಲ್ಲ. ನಮ್ಮ ನಕ್ಷೆಯಲ್ಲಿ ಒಂದು ಚುಕ್ಕೆ ಎಂದರೆ ಸಾವಿರ ಜನ. ಮೇಲಿನ ಊರಿನಲ್ಲಿ ನಾನೂರ ಮೂವತ್ತು, ಕೆಳಗಿನ ಊರಿನಲ್ಲಿ ಐನೂರ ಎಪ್ಪತ್ತು. ಒಂದೊಂದು ಊರಿಗೆ ಒಂದೊಂದು ಚುಕ್ಕೆ ಇಡುವಷ್ಟು ಜನರಿಲ್ಲ. ಆಗ ಎರಡನ್ನೂ ಕೂಡಿಸಿ, ಅಳತೆ ಮಾಡಿ, ನಡುವೆ ಒಂದು ಚುಕ್ಕೆ ಇಡಬೇಕೆಂಬುದು ನಿಯಮ. ನಾನು ಇಟ್ಟೆ. ಆ ಚುಕ್ಕೆ ಸಾವಿರ ಜನರಿಗೆ ಗುರುತು, ಅವರ ಮನೆಯಲ್ಲ. ನಿಮ್ಮ ಇಲಾಖೆಯ ಸಾಹೇಬರು ಅದರ ಮೇಲೆ ಗುಂಡುಸೂಜಿ ಚುಚ್ಚಿ ಆಸ್ಪತ್ರೆ ಕಟ್ಟಿಸಿಬಿಟ್ಟರು. ಮೂವತ್ತು ವರ್ಷದಿಂದ ಜನರನ್ನು ಎಲ್ಲೆಲ್ಲೋ ಕೂರಿಸಿದ್ದೇನೆ. ನಿಜವಾಗಿಯೂ ಒಬ್ಬರನ್ನು ಕೂರಿಸಿದ್ದು ಇದೇ ಮೊದಲು. ಕ್ಷಮಿಸಿ.’

ನರ್ಸಮ್ಮ ಇದನ್ನು ಡ್ರೈವರಿಗೆ ಓದಿ ಹೇಳಿದಳು. ಅವನು ಬಿದ್ದು ಬಿದ್ದು ನಕ್ಕ. ಅಂದಿನಿಂದ ಅವನ ಬಾಯಲ್ಲಿ ಅದು ಚುಕ್ಕೆ ಆಸ್ಪತ್ರೆಯಾಯಿತು.

ಪತ್ರಗಳು ಹೋಗಿಬಂದವು. ಅವಳು ತನ್ನ ಮಹಾನಗರದ ಬಗ್ಗೆ ಬರೆದಳು, ಅಲ್ಲಿ ಅಷ್ಟೊಂದು ಜನ, ಇಲ್ಲಿ ಯಾರೂ ಇಲ್ಲ, ಇದೆಂಥ ಹಂಚಿಕೆ ಎಂದು ಜಗಳ ತೆಗೆದಳು. ನಕ್ಷೆ ಬರೆಯುವವನು ಉತ್ತರಿಸಿದ: ‘ಹಂಚಿದವರು ಯಾರೂ ಇಲ್ಲಮ್ಮ. ನೀರು, ಮಣ್ಣು, ಬಂದರು, ಹವೆ ಎಂದು ಪುಸ್ತಕದಲ್ಲಿದೆ, ಸುಳ್ಳಲ್ಲ. ಆದರೆ ಚುಕ್ಕೆ ಇಡುವವನಿಗೆ ಕಾಣುವುದೇ ಬೇರೆ. ಮೊದಲ ಚುಕ್ಕೆ ನೀರಿಗೆ ಬರುತ್ತದೆ. ಎರಡನೆಯದು ಮೊದಲನೆಯದನ್ನು ನೋಡಿ ಬರುತ್ತದೆ. ನಿಮ್ಮ ನಗರದ ಹತ್ತಿರ ಬಂದಾಗ ನನಗೆ ಚುಕ್ಕೆ ಇಡಲು ಜಾಗವೇ ಸಿಗುವುದಿಲ್ಲ. ಒಂದರ ಮೇಲೊಂದು ಬಿದ್ದು ಮಸಿ ಚೆಲ್ಲಿದಂತಾಗುತ್ತದೆ. ಮೇಲಧಿಕಾರಿಗಳು ಕೊಳಕಾಗಿದೆ ಎಂದು ಬೈಯುತ್ತಾರೆ. ನನಗೆ ಅಲ್ಲೇ ಕಣ್ಣು ನೆಡುತ್ತದೆ. ನಾನು ಒಬ್ಬನೇ ಇರುವವನು.’

ಆ ಕೊನೆಯ ಸಾಲನ್ನು ನರ್ಸಮ್ಮ ಎರಡು ಸಲ ಓದಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಬಂದ ಪತ್ರದಲ್ಲಿ ಅಸಲು ವಿಷಯವಿತ್ತು. ನಕ್ಷೆಯ ಹೊಸ ಹಾಳೆ ಅಚ್ಚಿಗೆ ಹೋಗಲಿತ್ತು. ಅಚ್ಚಿಗೆ ಮುನ್ನ ಸ್ಥಳದಲ್ಲಿರುವ ಸರ್ಕಾರಿ ನೌಕರರಿಗೆ ಕಳಿಸಿ ತಿದ್ದುಪಡಿ ಕೇಳಬಹುದೆಂದು ನಿಯಮವಿದೆ, ಯಾರೂ ಕೇಳುವುದಿಲ್ಲ, ತಾನು ಕೇಳುತ್ತಿದ್ದೇನೆ ಎಂದು ಬರೆದಿದ್ದ. ‘ಜನ ಹೆಚ್ಚಿರುವ ಕಡೆಗೆ ಚುಕ್ಕೆಯನ್ನು ಸರಿಸಬಹುದು, ತಪ್ಪಾಗುವುದಿಲ್ಲ. ಚುಕ್ಕೆ ಎಲ್ಲಿಗೆ ಹೋಗುತ್ತದೋ ನಿಮ್ಮ ಇಲಾಖೆ ಆಸ್ಪತ್ರೆಯನ್ನು ಅಲ್ಲಿಗೆ ಒಯ್ಯುತ್ತದೆ, ಈ ಬಾರಿ ಆ ಬುದ್ಧಿ ಬಂದಿದೆ. ಹಾಳೆ ಕಳಿಸುತ್ತೇನೆ. ನೀವೇ ಕೆಂಪು ಪೆನ್ಸಿಲಿನಲ್ಲಿ ಬಾಣ ಹಾಕಿ.’

ಅವಳಿಗೆ ಯೋಚಿಸುವುದೇ ಬೇಕಿರಲಿಲ್ಲ. ಐನೂರ ಎಪ್ಪತ್ತು ದೊಡ್ಡದೋ ನಾನೂರ ಮೂವತ್ತು ದೊಡ್ಡದೋ? ಮುಂದಿನ ಗುರುವಾರವೇ ಮೂರು ಗಂಟೆಗೆ ಆಸ್ಪತ್ರೆಗೆ ಬೀಗ ಹಾಕಿ ಟ್ಯಾಂಕರ್ ಹತ್ತಿ ಕೆಳಗಿನ ಊರನ್ನು ನೋಡಿಕೊಂಡು, ಡ್ರೈವರನ್ನು ಕಾಡಿ ಅದರಲ್ಲೇ ರಾತ್ರಿ ವಾಪಸು ಬಂದಳು. ಒಂದೇ ಬೀದಿ. ಬೀದಿಯ ನಡುವೆ, ದರ್ಜಿಯ ಅಂಗಡಿಗೂ ರೊಟ್ಟಿ ಸುಡುವವನ ಒಲೆಗೂ ಮಧ್ಯೆ, ಬೀಗ ಹಾಕಿದ ಒಂದು ಖಾಲಿ ಮನೆ. ಅದರ ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯ ಕಿಟಕಿ. ಆ ಎದುರು ಕಿಟಕಿಯಿಂದ ಒಬ್ಬ ಹೆಂಗಸು ತಲೆ ಹೊರಹಾಕಿ, ಯಾರು, ಎಲ್ಲಿಂದ, ಮದುವೆ ಆಗಿದೆಯಾ, ಯಾಕಾಗಿಲ್ಲ, ವಯಸ್ಸೆಷ್ಟು ಎಂದು ಒಂದೇ ಉಸಿರಿಗೆ ಐದು ಪ್ರಶ್ನೆ ಕೇಳಿದಳು. ಮಹಾನಗರದಲ್ಲಾಗಿದ್ದರೆ ನರ್ಸಮ್ಮ ಮುಖಕ್ಕೆ ಹೊಡೆದಂತೆ ಉತ್ತರ ಕೊಡುತ್ತಿದ್ದಳು. ಇಲ್ಲಿ ಐದಕ್ಕೂ ನಿಂತು ಉತ್ತರ ಹೇಳಿದಳು, ಕೇಳದೇ ಇದ್ದ ಆರನೆಯದಕ್ಕೂ ಹೇಳಿದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮನೆಗೆ ಮನಸ್ಸಿನಲ್ಲೇ ಪರದೆ ಕಟ್ಟಿದಳು, ಬಿಚ್ಚಿದಳು. ಪರದೆ ಬೇಡ, ಎದುರಿನವರು ನೋಡಲಿ.

ಅಲ್ಲಿಂದ ಹಾಳೆಗಾಗಿ ಕಾಯುವುದೇ ಕಾಯುವುದು. ಹಾಗೆ ಕಾಯುತ್ತಿದ್ದ ಒಂದು ಗುರುವಾರ, ರೋಗಿಗಳು ಹೋದ ಮೇಲೆ ಕಸ ಗುಡಿಸುವಾಗ, ಬೆಂಚಿನ ಕೆಳಗಿನ ಸಂದಿಯಲ್ಲಿ ಅವಳ ಪೊರಕೆಗೆ ಏನೋ ಸಿಕ್ಕಿತು. ಕಡ್ಡಿ ಹಾಕಿ ಕೆದಕಿದಳು. ಉದುರಿದ್ದು ಗುಳಿಗೆಗಳು. ಒಂದಲ್ಲ ಎರಡಲ್ಲ, ಬೊಗಸೆ ತುಂಬ. ಇಷ್ಟು ತಿಂಗಳ ಮಂಡಿ ನೋವಿನ ಅಷ್ಟೂ ಗುಳಿಗೆ ಅಲ್ಲಿತ್ತು.

ಮುಂದಿನ ವಾರ ಅವಳು ಸಿಡಿಮಿಡಿಗೊಂಡೇ ಕಾದಳು. ಮೇಲಿನ ಊರಿನಿಂದ ತಪ್ಪದೆ ಬರುತ್ತಿದ್ದ ಮೇಕೆಯಮ್ಮ ಸಿಕ್ಕಿಬಿದ್ದಳು. ಅರವತ್ತರ ಆಸುಪಾಸಿನ, ಒಣಗಿದ ಕೊರಡಿನಂಥ ಮೈಯ ಹೆಂಗಸು. ಅವಳ ಪಕ್ಕದಲ್ಲಿ ಎಂದಿನಂತೆ ಕೆಳಗಿನ ಊರಿನ ಒಬ್ಬ ಸೊಸೆ, ಈರುಳ್ಳಿ ಸುಲಿದು ಸುಲಿದು ಬೆರಳು ಕಂದು ಬಣ್ಣಕ್ಕೆ ತಿರುಗಿದವಳು. ನರ್ಸಮ್ಮ ಬೊಗಸೆಯನ್ನು ಇಬ್ಬರ ಮುಂದೆ ಸುರಿದಳು.

“ಏನಮ್ಮಾ ಇದು? ನಾನೇನು ಕಡಲೆಬೀಜ ಹಂಚ್ತಾ ಇದೀನಾ? ನೋವಿಲ್ಲ ಅಂದ್ಮೇಲೆ ಸುಳ್ಳು ಹೇಳಿ ಯಾಕೆ ಬರ್ತೀರಿ?”

ಸೊಸೆ ತಲೆ ತಗ್ಗಿಸಿದಳು. ಮೇಕೆಯಮ್ಮ ತಗ್ಗಿಸಲಿಲ್ಲ. “ನೋವು ಸುಳ್ಳಲ್ಲ ನರ್ಸಮ್ಮಾ. ಮಂಡಿ ಅಂದಿದ್ದು ಮಾತ್ರ ಸುಳ್ಳು. ಇವಳು ನನ್ನ ಮಗಳು.”

ನರ್ಸಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಅದೇ ಗಲ್ಲ, ಅದೇ ಹುಬ್ಬು. ಇಷ್ಟು ದಿನ ಎರಡು ಮುಖ ನೋಡಿದ್ದಳೇ ಹೊರತು ಒಟ್ಟಿಗೆ ನೋಡಿರಲಿಲ್ಲ.

“ನಮ್ಮದು ನಾನೂರು ಜನರ ಊರು. ಎಲ್ಲರೂ ಎಲ್ಲರಿಗೂ ನೆಂಟರೇ. ಗಂಡು ಹುಡುಕ್ಬೇಕು ಅಂದ್ರೆ ಕೆಳಗೇ ಇಳೀಬೇಕು,” ಎಂದಳು ಮೇಕೆಯಮ್ಮ. “ಇವಳನ್ನ ಕೊಟ್ಟು ಆರು ವರ್ಷ. ಈ ಆಸ್ಪತ್ರೆ ಬರೋವರೆಗೂ ಎರಡೇ ಸಲ ಕಣ್ಣಲ್ಲಿ ನೋಡಿದ್ದು. ಅಲ್ಲಿಗೆ ಹೋಗಿಬರೋಕೆ ಎರಡು ದಿನ ಬೇಕು. ಸಂಜೆ ಹಾಲು ಕರೆಯದಿದ್ರೆ ಮೇಕೆಗಳು ಸತ್ತೇ ಹೋಗ್ತವೆ ಅನ್ನೋ ಹಾಗೆ ಕಿರುಚ್ತವೆ. ಇಲ್ಲಿಗಾದ್ರೆ ಬೆಳಿಗ್ಗೆ ಬಿಟ್ಟು ಸಂಜೆ ಒಳಗೆ ಮನೆ ಸೇರ್ತೀನಿ. ಇನ್ನೊಂದು ಗಂಟೆ ದೂರ ಇದ್ದಿದ್ರೂ ಆಗ್ತಿರ್ಲಿಲ್ಲ.”

“ಮಗಳನ್ನ ನೋಡೋಕೆ ಅಂತ ಹೇಳಿ ಬರಬಹುದಲ್ಲ?”

“ಹಾಗಂದ್ರೆ ಕೆಲಸ ಬಿಟ್ಟು ಹೋಗ್ತೀಯಾ ಅಂತಾರೆ. ಆಸ್ಪತ್ರೆಗೆ ಅಂದ್ರೆ ಅವರೇ ಹೇಸರಗತ್ತೆ ಕಟ್ಟಿ ಕೊಡ್ತಾರೆ.”

ಮಗಳು ಮೊದಲ ಬಾರಿಗೆ ಬಾಯಿ ಬಿಟ್ಟಳು. “ನಮ್ಮತ್ತೆನೂ ಅಷ್ಟೇ. ಮಂಡಿ ಅಂದ್ರೆ ಸುಮ್ಮನಾಗ್ತಾರೆ. ಅವರಿಗೂ ಮಂಡಿ ಇದೆಯಲ್ಲ.”

ನರ್ಸಮ್ಮನಿಗೆ ನಗು ಬಂತು. ಪುಸ್ತಕ ತೆಗೆದು ಹಿಂದಿನ ಪುಟಗಳನ್ನು ನೋಡಿದಳು. ಪ್ರತಿ ಗುರುವಾರ ಮೇಲಿನವರೊಬ್ಬರಿಗೆ ಕೆಳಗಿನವರೊಬ್ಬರು ಜೋಡಿ. ಅಮ್ಮ ಮಗಳು, ಅಕ್ಕ ತಂಗಿ, ಒಂದು ಕಡೆ ಅಜ್ಜಿ ಮೊಮ್ಮಗಳು. ಅವಳು ಇಡೀ ವರ್ಷ ಬರೆದಿದ್ದು ರೋಗಿಗಳ ಪಟ್ಟಿಯೇ ಅಲ್ಲ. ಯಾರೂ ಇರಲಾಗದ ಈ ಬಯಲಿಗೆ ಇಷ್ಟು ಜನ ಬರುತ್ತಿದ್ದದ್ದು ಇದು ಎರಡೂ ಕಡೆಗೆ ಅರ್ಧ ದಾರಿ ಎಂಬ ಒಂದೇ ಕಾರಣಕ್ಕೆ.

ಅವರಿಗೆ ಅವಳು ಹಾಳೆಯ ವಿಷಯ ಹೇಳಲಿಲ್ಲ. ಆ ವಾರವೆಲ್ಲ ಅವಳು ತನ್ನೊಡನೆ ತಾನೇ ಜಗಳವಾಡಿದಳು. ಅವರದು ವಾರಕ್ಕೊಂದು ದಿನದ ಮಾತು, ತನ್ನದು ಉಳಿದ ಆರು ದಿನದ ಮಾತು. ತಾನೂ ಮನುಷ್ಯಳೇ ಅಲ್ಲವೇ? ತಾನು ವರ್ಗ ಮಾಡಿಸಿಕೊಂಡು ಹೋಗಿ, ಆಸ್ಪತ್ರೆ ಇಲ್ಲೇ ಇದ್ದರೆ? ಅದೂ ಆಗದು. ಇಬ್ಬರು ನರ್ಸುಗಳು ಓಡಿಹೋದ ಮೇಲೆ ಇಲಾಖೆ ಸ್ಪಷ್ಟವಾಗಿ ಬರೆದಿತ್ತು: ಇವಳೂ ಬಿಟ್ಟರೆ ಹುದ್ದೆಯೇ ರದ್ದು. ಕೆಳಗಿನ ಊರಿನ ಆ ಕಿಟಕಿ ಕಣ್ಣಿಗೆ ಕಟ್ಟಿದಂತಿತ್ತು. ಸಂಜೆ ತೊಟ್ಟಿಯ ಮೇಲೆ ಕೂತು, “ಅಕ್ಕಾ, ಯಾವಾಗ ಬರ್ತೀಯೇ?” ಎಂದು ತಂಗಿ ಕೇಳಿದರೆ, “ಮನೆ ಸಿಗ್ತಾ ಇದೆ ಕಣೆ, ಬೀದಿ ಮಧ್ಯದಲ್ಲೇ. ನೀನೇ ಬಂದು ಒಂದು ತಿಂಗಳು ಇರು,” ಎಂದಳು. ಬಾಣ ಹಾಕುವುದೆಂದು ಗಟ್ಟಿ ಮಾಡಿಕೊಂಡಳು.

ಹಾಳೆ ಬಂದದ್ದು ಗುರುವಾರವೇ, ಉದ್ದನೆಯ ಕೊಳವೆಯೊಳಗೆ ಸುತ್ತಿ. ಡ್ರೈವರ್ ಅದನ್ನು ಮಗುವಿನಂತೆ ಎತ್ತಿಕೊಂಡು ಬಂದ. “ಮೂರು ಗಂಟೆಗೆ ನನ್ನ ಕೈಗೇ ವಾಪಸ್ ಕೊಡ್ಬೇಕಂತೆ ನರ್ಸಮ್ಮಾ. ನಾಳೆ ಬೆಳಿಗ್ಗೆ ಟಪಾಲು ಹೋಗುತ್ತೆ. ತಪ್ಪಿದ್ರೆ ಇನ್ನು ಹತ್ತು ವರ್ಷ ಬಿಟ್ಟು ಮುಂದಿನ ಹಾಳೆ.” ಜೊತೆಗಿದ್ದ ಚೀಟಿಯಲ್ಲಿ ಎರಡೇ ಸಾಲು: ಬದಲಾವಣೆಯಿದ್ದರೆ ಬಾಣ, ಇಲ್ಲದಿದ್ದರೆ ಅಂಚಿನಲ್ಲಿ ‘ತಿದ್ದುಪಡಿ ಇಲ್ಲ’ ಎಂದು ಬರೆದು ಸಹಿ.

ಅವಳು ಹಾಳೆಯನ್ನು ಮೇಜಿನ ಮೇಲೆ ಹರಡಿ, ಸುರುಳಿಯಾಗದಂತೆ ನಾಲ್ಕು ಮೂಲೆಗೆ ಔಷಧಿಯ ಡಬ್ಬಿ ಇಟ್ಟಳು. ಇಡೀ ದೇಶವೇ ಅದರಲ್ಲಿತ್ತು. ನದಿಗಳ ಗುಂಟ ಚುಕ್ಕೆಗಳು, ಸಮುದ್ರದ ಅಂಚಿಗೆ ಚುಕ್ಕೆಗಳು, ನಡುವೆ ಅಗಲವಾದ ಬಿಳಿ. ಆ ಬಿಳಿಯೊಳಗೆ ಒಂದೇ ಒಂದು ಚುಕ್ಕೆ. ಅವಳು ಕೆಂಪು ಪೆನ್ಸಿಲನ್ನು ಅದರ ಪಕ್ಕಕ್ಕೆ ತಂದಳು.

“ಏನದು, ಅಷ್ಟು ದೊಡ್ಡ ಕಾಗದ?” ಮೇಕೆಯಮ್ಮ ಬೆಂಚಿನಿಂದ ಎದ್ದು ಬಂದಿದ್ದಳು.

“ಜನ ಎಲ್ಲೆಲ್ಲಿದಾರೆ ಅಂತ ತೋರಿಸೋ ನಕ್ಷೆ.”

“ನಮ್ಮೂರು ಎಲ್ಲಿದೆ?”

“ಇಲ್ಲ.”

“ನನ್ನ ಮಗಳ ಊರು?”

“ಅದೂ ಇಲ್ಲ. ನೀವು ಅಷ್ಟೂ ಜನ ಸೇರಿ ಈ ಒಂದು ಚುಕ್ಕೆ.”

ಮೇಕೆಯಮ್ಮ ಸೊಂಟ ಬಗ್ಗಿಸಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಬಹಳ ಹೊತ್ತು ನೋಡಿದಳು. “ಅಂದ್ರೆ ಇದರಲ್ಲಿ ನಾನೂ ನನ್ನ ಮಗಳೂ ಒಂದೇ ಕಡೆ ಇದೀವಾ?”

“ಹೂಂ.”

“ಸರ್ಕಾರದ ಕಾಗದದಲ್ಲಿ?”

“ಸರ್ಕಾರದ್ದೇ.”

“ಬಾರೇ ಇಲ್ಲಿ!” ಎಂದು ಮೇಕೆಯಮ್ಮ ಮಗಳನ್ನು ಕೂಗಿದ್ದು ಹೊರಗೆ ಕಟ್ಟಿದ್ದ ಹೇಸರಗತ್ತೆ ಬೆಚ್ಚುವಷ್ಟು ಜೋರಾಗಿತ್ತು. “ನೋಡೇ, ನೋಡೇ ಇದನ್ನ. ನಿನ್ನನ್ನ ನಾನು ಎಲ್ಲಿಗೂ ಕೊಟ್ಟೇ ಇಲ್ಲ. ನನ್ನ ಹತ್ರಾನೇ ಇದೀಯ!”

ಮಗಳು ಬಂದು ನೋಡಿ ನಕ್ಕಳು. ನಗುತ್ತ ನಗುತ್ತಲೇ ಕಂದು ಬೆರಳುಗಳಿಂದ ಮುಖ ಮುಚ್ಚಿಕೊಂಡಳು. ಮೇಕೆಯಮ್ಮ ಅವಳ ಬೆನ್ನು ಸವರುತ್ತ ನರ್ಸಮ್ಮನ ಕಡೆ ತಿರುಗಿದಳು. “ನೀನೆಲ್ಲಿದೀಯ ಇದರಲ್ಲಿ? ನೀನೂ ನಮ್ಮ ಜೊತೆ ಈ ಚುಕ್ಕೇಲಿದೀಯಾ?”

“ಇಲ್ಲಮ್ಮ. ನಾನು ಇಲ್ಲಿಗೆ ಬರೋಕೆ ಮುಂಚೆ ಎಣಿಸಿದ್ದು.” ನರ್ಸಮ್ಮ ಬೆರಳನ್ನು ನದಿಯ ಗುಂಟ ಕೆಳಕ್ಕೆ ಒಯ್ದಳು. ಚುಕ್ಕೆಗಳು ದಟ್ಟವಾದವು, ಒಂದಕ್ಕೊಂದು ಅಂಟಿದವು, ಸಮುದ್ರದ ಬಳಿ ಬರೀ ಕಪ್ಪು. “ಇಲ್ಲಿ. ಈ ಮಸಿಯೊಳಗೆ. ನಮ್ಮಮ್ಮ, ತಂಗಿ, ಅಣ್ಣ, ಅತ್ತಿಗೆ, ಮಕ್ಕಳು, ದೊಡ್ಡಮ್ಮ.”

“ನೀನೂ?”

“ನಾನೂ.”

ಹೇಳಿದ ಮೇಲೆ ಅವಳಿಗೆ ಅದರ ಅರ್ಥ ಹೊಳೆಯಿತು. ಆ ಹಾಳೆಯ ಪ್ರಕಾರ ಅವಳು ಮನೆ ಬಿಟ್ಟೇ ಇರಲಿಲ್ಲ. ಅಷ್ಟು ಜನರ ನಡುವೆ, ಎಲ್ಲೋ ಒಂದು ಕಡೆ, ಜಾಗವಿಲ್ಲದೆಯೂ ಅವಳನ್ನು ಒತ್ತರಿಸಿ ಕೂರಿಸಿದ್ದರು. ಬೆರಳು ಎತ್ತಲು ಮನಸ್ಸಾಗಲಿಲ್ಲ.

ಮೇಕೆಯಮ್ಮನ ಕಣ್ಣು ಅವಳ ಇನ್ನೊಂದು ಕೈಯ ಮೇಲೆ ಬಿತ್ತು. “ಆ ಕೆಂಪು ಪೆನ್ಸಿಲ್ ಯಾಕೆ?”

ಸುಳ್ಳು ಹೇಳಬಹುದಿತ್ತು. ನರ್ಸಮ್ಮನಿಗೆ ಆಗಲಿಲ್ಲ. “ಈ ಚುಕ್ಕೆನ ಕೆಳಗಿನ ಊರಿಗೆ ಸರಿಸೋಕೆ. ಸರಿಸಿದ್ರೆ ಆಸ್ಪತ್ರೆನೂ ಅಲ್ಲಿಗೆ ಹೋಗುತ್ತೆ. ನನಗೆ ಇಲ್ಲಿ ಇರೋಕಾಗ್ತಿಲ್ಲ ಅಮ್ಮಾ. ನಿಜವಾಗ್ಲೂ ಆಗ್ತಿಲ್ಲ. ಸಂಜೆ ಆದ್ರೆ ಹುಚ್ಚು ಹಿಡಿದ ಹಾಗಾಗುತ್ತೆ.”

ಮಗಳು ಅಮ್ಮನ ಮುಖ ನೋಡಿದಳು. ಮೇಕೆಯಮ್ಮ ಹಾಳೆಯಿಂದ ಹಿಂದೆ ಸರಿದು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು.

“ಸರಿಸಿಬಿಡು ಮಗಳೇ,” ಎಂದಳು. “ಒಬ್ಬಳನ್ನ ಜನ ಇರೋ ಕಡೆ ಕಳಿಸಿ ಬದುಕಿದೀನಿ. ಇನ್ನೊಬ್ಬಳನ್ನ ಇಲ್ಲಿ ಕೂಡಿ ಹಾಕು ಅಂತ ಯಾವ ಬಾಯಲ್ಲಿ ಹೇಳ್ಲಿ?”

ಅಷ್ಟು ಹೇಳಿ ಅವಳು ಮಗಳ ಕೈ ಹಿಡಿದುಕೊಂಡು ಬೆಂಚಿಗೆ ವಾಪಸು ಹೋದಳು. ಇಬ್ಬರೂ ಪಿಸುಗುಟ್ಟಲಿಲ್ಲ. ಒಬ್ಬರ ಭುಜಕ್ಕೆ ಒಬ್ಬರು ಭುಜ ತಾಗಿಸಿ ಕೂತರು. ಬುತ್ತಿ ಬಿಚ್ಚಲಿಲ್ಲ. ಮಗಳು ಅಮ್ಮನ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಿದ್ದಳು. ಹಾಗೆ ಕೂತವರನ್ನು ನೋಡಲು ನರ್ಸಮ್ಮನಿಗೆ ಧೈರ್ಯ ಸಾಲಲಿಲ್ಲ, ನೋಡದೆ ಇರಲೂ ಆಗಲಿಲ್ಲ. ತಾನು ದಿನಾ ಸಂಜೆ ತೊಟ್ಟಿಯ ಮೇಲೆ ಕೂತು ದೂರದಿಂದ ಕೇಳಿಸಿಕೊಳ್ಳುವುದು ಇವರಿಗೆ ವಾರಕ್ಕೊಮ್ಮೆ ಕೈಯಲ್ಲಿ ಹಿಡಿಯುವಷ್ಟು ಹತ್ತಿರ ಸಿಗುತ್ತಿತ್ತು. ಅದನ್ನು ಕಸಿದುಕೊಂಡು ತಾನು ಹೋಗಿ ಯಾವ ಕಿಟಕಿಯಲ್ಲಿ ಕೂರಲಿ? ಎದುರಿನ ಹೆಂಗಸು ಇನ್ನೈದು ಪ್ರಶ್ನೆ ಕೇಳಿದರೆ ಏನೆಂದು ಉತ್ತರ ಹೇಳಲಿ?

ಎರಡು ಗಂಟೆಗೆ ಮೇಲಿನ ಊರಿನವರು ಹೊರಡಬೇಕು. ಮೇಕೆಯಮ್ಮ ಎದ್ದಳು. ಬಾಗಿಲಲ್ಲಿ ನಿಂತು ಬೆಂಚನ್ನೂ ಗೋಡೆಯನ್ನೂ ಒಂದು ಸಲ ನೋಡಿದಳು, ನರ್ಸಮ್ಮನ ತಲೆಯ ಮೇಲೆ ಕೈಯಿಟ್ಟು, ಇಳಿದು ಹೋದಳು. ಹೇಸರಗತ್ತೆಗಳು ಬಯಲಿನಲ್ಲಿ ಸಣ್ಣದಾಗುತ್ತ ಹೋದವು. ಮಗಳು ಹೊಸ್ತಿಲಲ್ಲಿ ನಿಂತು, ಕಾಣದಾದ ಮೇಲೂ ಅದೇ ದಿಕ್ಕಿಗೆ ನೋಡುತ್ತಿದ್ದಳು.

ಮೂರು ಗಂಟೆಗೆ ಟ್ಯಾಂಕರ್ ಬಂದು ಹಾರನ್ ಹೊಡೆಯಿತು. ನರ್ಸಮ್ಮ ಕೆಂಪು ಪೆನ್ಸಿಲನ್ನು ಮೇಜಿನ ಡ್ರಾಯರಿಗೆ ಹಾಕಿ, ಮಸಿ ಪೆನ್ನು ತೆಗೆದುಕೊಂಡು, ಹಾಳೆಯ ಅಂಚಿನಲ್ಲಿ ‘ತಿದ್ದುಪಡಿ ಇಲ್ಲ’ ಎಂದು ಬರೆದಳು. ಕೆಳಗೆ ಸಹಿ ಹಾಕಿದಳು. ಮಗಳು ಹಿಂದೆ ಬಂದು ನಿಂತಿದ್ದಳು. ಓದು ಬಾರದವಳು, “ಏನಂತ ಬರೆದ್ರಿ ಅಕ್ಕಾ?” ಎಂದು ಕೇಳಿದಳು.

“ನಿಮ್ಮಮ್ಮನ ಹತ್ರಾನೇ ಇರು ಅಂತ ಬರೆದೆ.”

ಹುಡುಗಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವಳು ನರ್ಸಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು, ಬಿಡಲೇ ಇಲ್ಲ. ಮೈಯೆಲ್ಲ ಈರುಳ್ಳಿಯ ವಾಸನೆ. ಒಂದು ವರ್ಷದಲ್ಲಿ ನರ್ಸಮ್ಮನನ್ನು ಯಾರೂ ಹೀಗೆ ತಬ್ಬಿರಲಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಅವಳು ಹೋ ಎಂದು ಅತ್ತುಬಿಟ್ಟಳು.

ಡ್ರೈವರ್ ಕೊಳವೆಯನ್ನು ಸೀಟಿನ ಹಿಂದೆ ಇಟ್ಟುಕೊಂಡ. ಹುಡುಗಿ ಪಕ್ಕದಲ್ಲಿ ಹತ್ತಿ ಕೂತಳು. ಅವನು ಇಬ್ಬರ ಕೆಂಪು ಕಣ್ಣನ್ನೂ ನೋಡಿ, ಗೇರ್ ಹಾಕದೆ, “ಏನಾಯ್ತು ನರ್ಸಮ್ಮಾ?” ಎಂದ.

“ಏನಿಲ್ಲ, ಹೊರಡಣ್ಣ,” ಎಂದಳು ಅವಳು. “ಮುಂದಿನ ಗುರುವಾರ ಅರ್ಧ ಗಂಟೆ ಮುಂಚೆ ಬಂದ್ಬಿಡು.”